ಎರಡೇ ನಿಮಿಷ, ಮೇಡಂ

ಕಳೆದ ತಿಂಗಳು ನಮ್ಮ ಆಸ್ಪತ್ರೆಯ ಮೀಟಿಂಗ್ ಹಾಲ್‌ನಲ್ಲಿ ಅವರಿಗೆ ಶಾಲು ಹೊದೆಸಿದರು. ಒಂದು ಬುಟ್ಟಿ ಹಣ್ಣು, ಅದರ ಮೇಲೆ ಬಣ್ಣದ ಪ್ಲಾಸ್ಟಿಕ್, ಒಂದು ಹಾರ. ಆಡಳಿತಾಧಿಕಾರಿಗಳು ಮೈಕ್ ಹಿಡಿದು, "ಮೇಡಂ ಅಂದರೆ ತಾಳ್ಮೆಯ ಪ್ರತಿಮೂರ್ತಿ, ಯಾವತ್ತೂ ನಗುಮುಖ" ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಾನು ಅದೇ ಆಸ್ಪತ್ರೆಯ ಕ್ಯಾಶುವಾಲ್ಟಿಯ ಇನ್‌ಚಾರ್ಜ್ ಸಿಸ್ಟರ್. ಕ್ಯಾಶುವಾಲ್ಟಿಯ ಡಾಕ್ಟರಾಗಿದ್ದ ಅವರ ಪಕ್ಕದಲ್ಲೇ ನಿಂತು ನನ್ನ ಕೂದಲು ಬೆಳ್ಳಗಾಗಿದೆ. ಅವರಿಗೆ ತಾಳ್ಮೆಯಿತ್ತು ಎಂದು ಯಾರಾದರೂ ದೇವರ ಮುಂದೆ ನಿಂತು ಹೇಳಿದರೂ ನಾನು ನಂಬುವವಳಲ್ಲ. ನಗುಮುಖ ಅಂತೂ ದೊಡ್ಡ ಸುಳ್ಳು. ಅವರ ಕಾಂಟ್ರಾಕ್ಟ್ ಮುಂದುವರಿಸದೆ ಮನೆಗೆ ಅಟ್ಟಿದವರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನು ತಟ್ಟಲಿಲ್ಲ. ಸಭೆ ಮುಗಿದ ಮೇಲೆ ಕೊಟ್ಟ ಗೋಳಿಬಜೆಯನ್ನೂ ಮುಟ್ಟಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮವರು ಅದನ್ನೂ ಒಂದು ಫ್ಲೆಕ್ಸ್ ಮಾಡಿ ಗೇಟಿಗೆ ಕಟ್ಟಿಯಾರು, ನಾಚಿಕೆ ಎಂಬುದು ಅವರಿಗೆ ಇಲ್ಲ. ಆದರೆ ಸುಳ್ಳು ಹೊಗಳಿಕೆ ಕೇಳಿ ಸುಮ್ಮನೆ ಬಂದದ್ದಕ್ಕೆ ನಿದ್ದೆ ಬರುತ್ತಿಲ್ಲ. ಅವರು ನಿಜವಾಗಿ ಹೇಗಿದ್ದರು ಎಂದು ಯಾರಾದರೂ ಒಬ್ಬರು ಹೇಳಬೇಕಲ್ಲ.

ಗಿಡ್ಡ, ದಪ್ಪ ಹೆಂಗಸು. ಕಾರ್ಕಳದ ಕಡೆಯವರು. ನಡೆದರೆ ಚಪ್ಪಲಿಯ ಸದ್ದಿಗೇ ನಮ್ಮ ಅಟೆಂಡರುಗಳು ಮೊಬೈಲ್ ಕಿಸೆಗೆ ಹಾಕುತ್ತಿದ್ದರು. ರೋಗಿಗಳ ಹತ್ತಿರ ತುಳು, ನಮ್ಮ ಹತ್ತಿರ ಕನ್ನಡ, ಬೈಯಲಿಕ್ಕೆ ಮಾತ್ರ ಇಂಗ್ಲಿಷ್. ಮಧ್ಯಾಹ್ನದ ಬುತ್ತಿಯಲ್ಲಿ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ. ಮುಚ್ಚಳ ತೆಗೆಯುವುದು ಒಂದು ಗಂಟೆಗೆ, ಕೈಗೆ ಬಂದ ತುತ್ತು ಬಾಯಿಗೆ ಬರುವುದು ಯಾವಾಗಲೋ. ನಿಂತುಕೊಂಡೇ ಉಣ್ಣುತ್ತಿದ್ದರು. ಒಮ್ಮೆ ಒಬ್ಬ ಮೆಡಿಕಲ್ ರೆಪ್ ಊಟದ ಮಧ್ಯೆ ಬಂದು ಹೊಸ ಮಾತ್ರೆಯ ವಿಷಯ ಶುರು ಮಾಡಿದ. ಅವರು ಅನ್ನದ ಕೈಯಲ್ಲೇ ಬಾಗಿಲು ತೋರಿಸಿದರು. ಅವನ ಬ್ರೋಷರಿನ ಮೇಲೆ ಚಟ್ನಿ ಬಿತ್ತು. ಅವನು ಮತ್ತೆ ಬರಲಿಲ್ಲ, ನಮಗೂ ಬೇಸರವಾಗಲಿಲ್ಲ.

ಕ್ಯಾಶುವಾಲ್ಟಿ ಎಂದರೆ ಹೊರಗಿನವರಿಗೆ ರಕ್ತ, ಸೈರನ್, ಓಟ. ಅದೆಲ್ಲ ಉಂಟು, ಇಲ್ಲವೆಂದಲ್ಲ. ಆದರೆ ನನ್ನನ್ನು ಕೇಳಿದರೆ ಕ್ಯಾಶುವಾಲ್ಟಿ ಎಂದರೆ ಬಾಯಿ. ಎಲ್ಲ ದಿಕ್ಕಿನಿಂದಲೂ ಬಾಯಿ. ಟಾಯ್ಲೆಟ್ ಎಲ್ಲಿ, ಕ್ಯಾಂಟೀನ್ ಎಲ್ಲಿ, ರಿಪೋರ್ಟ್ ಬಂತಾ, ಇನ್ಶೂರೆನ್ಸಿಗೆ ಒಂದು ಸಹಿ, ಲ್ಯಾಬಿನಿಂದ ಫೋನ್, ಎಕ್ಸ್‌ರೇಯಿಂದ ಫೋನ್, ಮೇಲಿನ ವಾರ್ಡಿನಿಂದ ಫೋನ್. ಅದರ ಮೇಲೆ ನಮ್ಮ ಊರಿನ ದೊಡ್ಡ ರೋಗ ಒಂದುಂಟು, ಅದಕ್ಕೆ ಮದ್ದಿಲ್ಲ. "ನಮ್ಮವರೊಬ್ಬರು ಬರ್ತಾ ಇದ್ದಾರೆ, ಸ್ವಲ್ಪ ನೋಡಿಕೊಳ್ಳಿ." ಕಾಪುವಿನಿಂದ ಕಾರ್ಕಳದವರೆಗೆ ಯಾರೂ ಸುಮ್ಮನೆ ಕಾಯಿಲೆ ಬೀಳುವುದಿಲ್ಲ. ಎಲ್ಲರೂ ಯಾರೋ ಒಬ್ಬರ ಯಾರೋ. ಅವರು ನಾಲ್ಕು ಜನಕ್ಕೆ ಫೋನ್ ಮಾಡುತ್ತಾರೆ, ಆ ನಾಲ್ವರೂ ನಮಗೆ ಫೋನ್ ಮಾಡುತ್ತಾರೆ. ಅಷ್ಟು ಹೊತ್ತು ಫೋನ್ ಎತ್ತುತ್ತಿದ್ದರೆ ಬಂದ ರೋಗಿಯನ್ನು ನೋಡುವವರು ಯಾರು?

ಅದರಲ್ಲೂ ಅಸಹ್ಯವೆಂದರೆ ಫೋನನ್ನು ತಂದು ಕಿವಿಗೇ ಹಿಡಿಯುವುದು. ಡಾಕ್ಟರು ನರ ಹುಡುಕುತ್ತಿರುತ್ತಾರೆ, ಕೈಯಲ್ಲಿ ಸೂಜಿ. ಆಗ ಒಬ್ಬ ಬಂದು, "ಡಾಕ್ಟ್ರೇ, ದುಬೈಯಿಂದ ಮಾವ ಲೈನಲ್ಲಿದ್ದಾರೆ, ಒಂದು ಮಾತಾಡಿ" ಎನ್ನುತ್ತಾನೆ. ಬೇರೆ ಡಾಕ್ಟರುಗಳು ಹಲ್ಲು ಕಿರಿದು ಮಾತಾಡುತ್ತಿದ್ದರು. ಇವರು ಫೋನನ್ನು ತೆಗೆದುಕೊಂಡು, ಪಕ್ಕದ ಸ್ಟೀಲ್ ಟ್ರೇಯಲ್ಲಿ ಕವುಚಿ ಹಾಕಿ ಕೆಲಸ ಮುಂದುವರಿಸುತ್ತಿದ್ದರು. ಮಾವ ಟ್ರೇಯೊಳಗಿಂದ ಮಾತಾಡುತ್ತಲೇ ಇರುತ್ತಿದ್ದರು. ಒಮ್ಮೆ ಒಬ್ಬ ಆಸೆಯಿಂದ ಕೇಳಿದ, "ಮಾವ ಎಂತ ಹೇಳಿದ್ರು ಡಾಕ್ಟ್ರೇ?"

"ನನಗೆ ಗೊತ್ತಿಲ್ಲ ಮಾರಾಯ, ಟ್ರೇ ಹತ್ರ ಕೇಳು" ಎಂದರು.

ಆ ಮಾವ ಆಮೇಲೆ ಕಂಪ್ಲೇಂಟ್ ಬರೆಸಿದರು. ಅಂಥ ಕಂಪ್ಲೇಂಟ್ ಅವರ ಮೇಲೆ ತಿಂಗಳಿಗೊಂದು ಇದ್ದೇ ಇರುತ್ತಿತ್ತು.

ಇಷ್ಟೆಲ್ಲ ಕೇಳಿ ಅವರು ಯಾರ ಮಾತೂ ಕೇಳದವರು ಎಂದುಕೊಳ್ಳಬೇಡಿ. ರೋಗಿಯ ಮಾತನ್ನು ಅವರ ಹಾಗೆ ಕೇಳುವವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಅಲೆವೂರಿನಿಂದ ಒಬ್ಬರು ಅಜ್ಜಿ ತಲೆ ತಿರುಗುತ್ತದೆ, ವಾಂತಿ ಬರುತ್ತದೆ ಎಂದು ಬಂದರು. ಮಾತು ಶುರುವಾದದ್ದು ಮಗಳ ಬಾಣಂತನದಿಂದ. ಅಲ್ಲಿಂದ ಬಾವಿಗೆ, ಬಾವಿಯಿಂದ ನೆರೆಮನೆಯ ನಾಯಿಗೆ ಹೋಯಿತು. ನನಗೆ ತಲೆ ಕೆಟ್ಟು ಹೋಗಿ, "ಅಮ್ಮ, ಎಂತ ಆಗ್ತದೆ ಅಷ್ಟೇ ಹೇಳಿ" ಎನ್ನಲು ಹೊರಟೆ. ಅವರು ನನ್ನ ಕೈ ಹಿಂಡಿ ಸುಮ್ಮನಿರಿಸಿದರು. ಅಜ್ಜಿ ಕೊನೆಗೆ, ಬೆಳಿಗ್ಗೆ ಮಲ್ಲಿಗೆ ಗಿಡಕ್ಕೆ ಮದ್ದು ಬಿಟ್ಟೆ, ಗಾಳಿ ಎದುರಿನಿಂದ ಬೀಸುತ್ತಿತ್ತು ಎಂದಾಗ ಡಾಕ್ಟರು ಎದ್ದರು. ಕೀಟನಾಶಕ ಮೈಗೇರಿತ್ತು. ಅಜ್ಜಿ ಉಳಿದರು. "ನೋಡು ಮಾರಾಯ್ತಿ, ಹೇಳಿ ಮುಗಿಸ್ಲಿಕ್ಕೆ ಬಿಟ್ರೆ ರೋಗಿಯೇ ರೋಗ ಹೇಳ್ತಾರೆ. ನಮ್ಗೆ ಅಷ್ಟು ಹೊತ್ತು ಕೊಡೋರು ಬೇಕು" ಎಂದರು. ಹಾಗೆ ಹೇಳುತ್ತಿರುವಾಗಲೇ ಮೂರು ಜನ ಅವರನ್ನು ಕರೆಯುತ್ತಿದ್ದರು.

ಇಂಜೆಕ್ಷನ್ ತುಂಬುವಾಗ ಮಾತಾಡಿಸಬಾರದು ಎಂಬುದು ಅವರ ಹಠ. ಬೇರೆ ದೇಶಗಳಲ್ಲಿ ಔಷಧ ಕೊಡುವ ಸಿಸ್ಟರುಗಳು ಕೆಂಪು ಏಪ್ರನ್ ಹಾಕುತ್ತಾರಂತೆ, ಅದನ್ನು ಕಂಡರೆ ಯಾರೂ ಮಾತಾಡಿಸುವುದಿಲ್ಲವಂತೆ. ಅಂಥದ್ದನ್ನು ತರಿಸಿ ಎಂದು ಮೇಲಿನವರನ್ನು ಕೇಳಿದರು. ನೋಡೋಣ ಎಂದರು. ನಮ್ಮಲ್ಲಿ ನೋಡೋಣ ಎಂದರೆ ಏನರ್ಥವೆಂದು ಹೇಳಬೇಕಾಗಿಲ್ಲ. ಒಂದು ದಿನ ಅವರೇ ಉಡುಪಿ ಪೇಟೆಯಿಂದ ಕೆಂಪು ಬೈರಾಸು, ಅಂದರೆ ಹೆಗಲ ಟವೆಲು, ತಂದು, ಔಷಧ ತುಂಬುವವರು ಹೆಗಲಿಗೆ ಹಾಕಿಕೊಳ್ಳಬೇಕು, ಹೆಗಲ ಮೇಲಿದ್ದಷ್ಟು ಹೊತ್ತು ಮನೆಗೆ ಬೆಂಕಿ ಬಿದ್ದರೂ ಮಾತಾಡಿಸಬಾರದು ಎಂದು ಕಟ್ಟಳೆ ಮಾಡಿದರು. ಕಸ ಗುಡಿಸುವವರಿಂದ ಹಿಡಿದು ಆಂಬ್ಯುಲೆನ್ಸಿನ ಡ್ರೈವರುಗಳವರೆಗೆ ಎಲ್ಲರೂ ಪಾಲಿಸಿದರು. ಪಾಲಿಸದವರು ಟೈ ಕಟ್ಟಿದವರು ಮಾತ್ರ.

ಒಂದು ವಾರದಲ್ಲಿ ಆಡಳಿತಾಧಿಕಾರಿ ಬಂದು, "ಮೇಡಂ, ಇದು ಹೋಟೆಲ್ ಸಪ್ಲಾಯರ್ ತರ ಕಾಣ್ತದೆ. ಟ್ರಸ್ಟಿಗಳು ಬಂದಾಗ ಚಂದ ಅಲ್ಲ" ಎಂದರು.

"ಉಡುಪಿಯಲ್ಲಿ ನಿಂತು ಹೋಟೆಲಿನವರನ್ನು ಸಸಾರ ಮಾಡ್ಬೇಡಿ" ಎಂದರು ಇವರು. "ಅಲ್ಲಿ ತಪ್ಪಿದ್ರೆ ಮಸಾಲೆ ದೋಸೆ ಬದಲು ಸೆಟ್ ದೋಸೆ ಬರ್ತದೆ. ಇಲ್ಲಿ ತಪ್ಪಿದ್ರೆ ಹೆಣ ಹೋಗ್ತದೆ."

ಬೈರಾಸು ನಿಂತಿತು. ಅದರ ಬದಲಿಗೆ 'ರೋಗಿಯ ಸುರಕ್ಷತೆಯೇ ನಮ್ಮ ಉಸಿರು' ಎಂದು ದೊಡ್ಡ ಪೋಸ್ಟರ್ ಅಂಟಿಸಿದರು. ಅದನ್ನು ಅಂಟಿಸಲು ಬಂದವನು ಏಣಿ ಇಡಲಿಕ್ಕೆ ಜಾಗ ಬೇಕೆಂದು ಒಂದು ಮಂಚವನ್ನೇ ಸರಿಸಿದ. ಮಂಚದಲ್ಲಿ ರೋಗಿ ಇದ್ದರು.

ಇನ್ನೊಂದು ಅಭ್ಯಾಸದ ಮೇಲೆ ಅವರಿಗೆ ಬೆಂಕಿಯಂಥ ಸಿಟ್ಟಿತ್ತು. ನಾವು ಕರಾವಳಿಯವರು ಮನುಷ್ಯರನ್ನು ಊರ ಹೆಸರಿನಿಂದ ಕರೆಯುವವರು. ಮದುವೆಮನೆಯಲ್ಲೂ ಹಾಗೆ, ಅಂಗಡಿಯಲ್ಲೂ ಹಾಗೆ, ಕ್ಯಾಶುವಾಲ್ಟಿಯಲ್ಲೂ ಹಾಗೆ. ಜನ ಹೆಚ್ಚಾದರೆ ಮಂಚದ ನಂಬರು ನಿಲ್ಲುವುದಿಲ್ಲ, ಇವರನ್ನು ಅಲ್ಲಿಗೆ, ಅವರನ್ನು ಇಲ್ಲಿಗೆ ತಳ್ಳುತ್ತಲೇ ಇರುತ್ತೇವೆ. ಹಾಗಾಗಿ, "ಸಂತೆಕಟ್ಟೆಯವರಿಗೆ ಇ.ಸಿ.ಜಿ. ಆಯ್ತಾ, ಆದಿ ಉಡುಪಿಯವರಿಗೆ ಡ್ರಿಪ್ ಹಾಕು" ಎಂದೇ ನಮ್ಮ ಮಾತು. ಅದು ಕಿವಿಗೆ ಬಿದ್ದರೆ ಅವರು ದೂರದಿಂದಲೇ ಕೂಗುತ್ತಿದ್ದರು, "ಇಂಜೆಕ್ಷನ್ ಊರಿಗೆ ಕೊಡ್ತೀರಾ, ಮನುಷ್ಯನಿಗೆ ಕೊಡ್ತೀರಾ? ಹೆಸರು ಕೇಳಿ. ಅವರ ಬಾಯಿಂದಲೇ ಹೇಳಿಸಿ." ಅವರಿದ್ದಾಗ ಕೇಳುತ್ತಿದ್ದೆವು. ಅವರು ಆಚೆ ಹೋದರೆ ಮತ್ತೆ ಸಂತೆಕಟ್ಟೆ, ಅಲೆವೂರು.

ಅವರಲ್ಲಿ ಕೆಟ್ಟದ್ದೂ ಇತ್ತು. ಬೈದ ಮೇಲೆ ಕ್ಷಮೆ ಕೇಳಿದವರಲ್ಲ. ತಪ್ಪು ಮಾಡಿದವರನ್ನು ರೋಗಿಗಳ ಎದುರೇ ಹರಿದು ಹಾಕುತ್ತಿದ್ದರು. ನನ್ನನ್ನು ಒಮ್ಮೆ, "ತಲೆ ಮನೆಯಲ್ಲಿಟ್ಟು ಬಂದಿದ್ದೀರಾ ಸಿಸ್ಟರ್?" ಎಂದದ್ದನ್ನು ನಾನು ಇನ್ನೂ ಮರೆತಿಲ್ಲ. ಆದರೆ ಒಂದು ಮಾತು. ಅವರು ಮೇಲಿನವರಿಗೂ ಕೆಳಗಿನವರಿಗೂ ಒಂದೇ ದನಿಯಲ್ಲಿ ಬೈಯುತ್ತಿದ್ದರು. ಕೆಳಗಿನವರಿಗೆ ಬೈದು ಮೇಲಿನವರಿಗೆ ಬೆಣ್ಣೆ ಹಚ್ಚುವ ಜನರ ನಡುವೆ ಇದ್ದು ಇದ್ದು, ಅದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ.

ಇನ್ನು ಆ ದಿನದ ವಿಷಯ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ಆಗಲೇ ನಮ್ಮ ಕ್ಯಾಶುವಾಲ್ಟಿ ಅರ್ಧ ಖಾಲಿಯಾಗಿತ್ತು. ಹಗಲಿಗೆ ಇದ್ದ ಇನ್ನೊಬ್ಬ ಡಾಕ್ಟರ್ ಮಸ್ಕತ್‌ಗೆ ಹೋಗಿ ವರ್ಷವಾಗಿತ್ತು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ನನ್ನ ಸಿಸ್ಟರುಗಳಲ್ಲಿ ಚುರುಕಾದವರನ್ನು ಹೊಸ ಕಟ್ಟಡಕ್ಕೆ ಒಯ್ದರು. ಅಲ್ಲಿ ಗಾಜಿನ ಲಾಬಿ, ಕಾರಂಜಿ, ಬಂದವರಿಗೆ ನಮಸ್ಕಾರ ಹೇಳಲಿಕ್ಕೆ ಇಬ್ಬರು ಹುಡುಗಿಯರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ನಾನು ಜನ ಕೊಡಿ ಎಂದು ಕೇಳಿ ಕೇಳಿ ಸಾಕಾಗಿ ಹೋದ ಮೇಲೆ, ಕಣ್ಣಿನ ವಾರ್ಡಿನಿಂದ ಒಬ್ಬಳು ಸಿಸ್ಟರನ್ನು ದಿನದ ಮಟ್ಟಿಗೆ ಕಳಿಸಲು ಶುರು ಮಾಡಿದರು. ಒಳ್ಳೆಯ ಹೆಂಗಸು, ನಿಧಾನಿ. ಕಣ್ಣಿಗೆ ಡ್ರಾಪ್ಸ್ ಹಾಕಿ, ಬ್ಯಾಂಡೇಜ್ ಬಿಚ್ಚಿ ಅಭ್ಯಾಸ. ಗಲ್ಫಿನಿಂದ ಬೆನ್ನು ಹಾಳು ಮಾಡಿಕೊಂಡು ಬಂದ ಗಂಡ, ಕಾಲೇಜಿಗೆ ಹೋಗುವ ಮಗಳು, ಎಲ್ಲವೂ ಅವಳ ಸಂಬಳದಲ್ಲೇ. ಕ್ಯಾಶುವಾಲ್ಟಿಯ ಗದ್ದಲ ಅವಳಿಗೆ ಹೊಸದು. ಕಲಿಸಲಿಕ್ಕೆ ನಮಗೆ ಪುರುಸೊತ್ತಿರಲಿಲ್ಲ.

ಮದುವೆಯ ಸೀಸನ್, ಮಧ್ಯಾಹ್ನದ ಹೊತ್ತು. ಸಂತೆಕಟ್ಟೆಯ ಹತ್ತಿರ ಟೆಂಪೋ ಮಗುಚಿ ಗಾಯಾಳುಗಳು ಬಂದಿದ್ದರು. ನಾನು ಒಬ್ಬರ ತೊಡೆಯ ಗಾಯ ಒತ್ತಿ ಹಿಡಿದು ನಿಂತಿದ್ದೆ, ಕೈ ತೆಗೆದರೆ ರಕ್ತ ಚಿಮ್ಮುತ್ತಿತ್ತು. ಆಚೆ ಒಂದು ಮಂಚದಲ್ಲಿ ಕಾಪುವಿನ ಒಬ್ಬರು ಹಿರಿಯರು, ಹಳೆಯ ಅಂಗಡಿಕಾರರು, ಸಕ್ಕರೆ ವಿಪರೀತ ಏರಿ ಬಂದಿದ್ದರು. ಡಾಕ್ಟರು ಅವರಿಗೆ ಇನ್ಸುಲಿನ್ ತುಂಬಿ, ಕೊಡಲಿಕ್ಕೆ ತಾವೇ ಹೊರಟಿದ್ದರು. ಬಾಗಿಲ ಹತ್ತಿರದ ಮಂಚದಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಇನ್ನೊಬ್ಬ ಕೂತಿದ್ದ. ಗ್ರಾನೈಟ್ ಕತ್ತರಿಸುವಾಗ ಪಾದ ಸೀಳಿಕೊಂಡ ಬಾಗಲಕೋಟೆ ಕಡೆಯ ಕೆಲಸಗಾರ, ಪಕ್ಕದಲ್ಲಿ ಹೆಂಡತಿ. ಹೊಲಿಗೆ ಹಾಕಿ ಆಗಿತ್ತು, ಟಿ.ಟಿ. ಇಂಜೆಕ್ಷನ್ ಕೊಡಲಿಕ್ಕೆ ಬಾಕಿ ಇತ್ತು.

ಆಗ ಆಡಳಿತಾಧಿಕಾರಿಗಳು ಓಡಿ ಬಂದರು. ಟ್ರಸ್ಟಿಯೊಬ್ಬರ ಭಾವ ಮದುವೆ ಊಟ ಮಾಡಿ ಬಂದವರು ಮೇಲೆ ಸ್ಪೆಷಲ್ ರೂಮಿನಲ್ಲಿ ಕೂತಿದ್ದಾರೆ, ಎದೆ ಉರಿ. ಕೆಳಗೆ ಕ್ಯಾಶುವಾಲ್ಟಿಯಲ್ಲಿ ಈ ಜನರ ನಡುವೆ ಮಲಗಲಿಕ್ಕೆ ಅವರು ಒಪ್ಪುವುದಿಲ್ಲ.

"ಎರಡೇ ನಿಮಿಷ, ಮೇಡಂ."

"ಕೆಳಗೆ ಕರ್ಕೊಂಡು ಬನ್ನಿ. ಇಲ್ಲಿ ಮಿಷನ್ ಉಂಟು, ಮದ್ದುಂಟು."

"ಬರುವುದಿಲ್ಲ ಹೇಳ್ತಾರೆ ಮೇಡಂ. ಎದೆ ಹಿಡ್ಕೊಂಡಿದ್ದಾರೆ. ಏನಾದರೂ ಆದ್ರೆ ಮತ್ತೆ ನಿಮ್ಮ ಮೇಲೆ ಬರ್ತದೆ."

ಎದೆ ಎಂದ ಮೇಲೆ ಯಾವ ಡಾಕ್ಟರಾದರೂ ಹೋಗದೆ ಇರುವ ಹಾಗಿಲ್ಲ. ಅದು ಆ ಮನುಷ್ಯನಿಗೂ ಗೊತ್ತಿತ್ತು. ಡಾಕ್ಟರು ಅತ್ತ ಇತ್ತ ನೋಡಿದರು. ನನ್ನ ಎರಡೂ ಕೈ ರಕ್ತದಲ್ಲಿತ್ತು. ಕಣ್ಣಿನ ವಾರ್ಡಿನ ಸಿಸ್ಟರ್ ಎದುರಿಗೆ ಸಿಕ್ಕಳು. ಅವಳ ಕೈಗೆ ಸಿರಿಂಜು ಕೊಟ್ಟು, "ಕಾಪುವಿನವರಿಗೆ ಹಾಕಿ, ಬಂದೆ" ಎಂದು ಹೇಳುತ್ತಲೇ ಮೆಟ್ಟಿಲು ಹತ್ತಿದರು. ನಾನು ಕೇಳಿಸಿಕೊಂಡೆ. ವರ್ಷಗಟ್ಟಲೆ ಊರ ಹೆಸರು ಹಿಡಿದದ್ದಕ್ಕೆ ನಮಗೆ ಬೈದ ಬಾಯಿ ಅದು.

ಅಂಗಡಿಯ ಹಿರಿಯರನ್ನು ಅಷ್ಟರಲ್ಲಿ ಎಕ್ಸ್‌ರೇಗೆ ಒಯ್ದಿದ್ದರು. ಸಿಸ್ಟರ್ ನಡುವೆ ನಿಂತು, "ಕಾಪುವಿನವರು ಯಾರು?" ಎಂದು ಕೇಳಿದಳು. ಬಾಗಿಲ ಹತ್ತಿರದವನು ಕೈ ಎತ್ತಿದ. ಅವನೂ ಇಂಜೆಕ್ಷನ್ನಿಗೇ ಕಾಯುತ್ತಿದ್ದವನು.

ಸ್ವಲ್ಪ ಹೊತ್ತಿಗೆ ಅವನು ಬೆವರಲು ಶುರು ಮಾಡಿದ. ಆಮೇಲೆ ಏನೇನೋ ಬಡಬಡಿಸಿದ, ಹೆಂಡತಿಯನ್ನು ದೂಡಿದ. ಅವಳು, "ಯಾಕೋ ಹಿಂಗ ಮಾಡಾಕತ್ಯಾರ ನೋಡ್ರಿ, ಯಾರರ ಬರ್ರಿ" ಎಂದು ಕೂಗುತ್ತಿದ್ದಳು. ನಮ್ಮ ಅಟೆಂಡರ್ ಅಲ್ಲಿಂದಲೇ, "ಕುಡಿದಿದ್ದಾನೆ, ಬಿಡಿ. ಈ ಕೆಲಸದವರದ್ದು ಇದೇ ಕಥೆ" ಎಂದ. ರಿಪೋರ್ಟ್ ಕೇಳಲಿಕ್ಕೆ ಬಂದು ನಿಂತಿದ್ದ ಇಸ್ತ್ರಿ ಅಂಗಿಯವರೊಬ್ಬರು ಮೂಗು ಮುಚ್ಚಿಕೊಂಡು ಆಚೆ ಸರಿದರು. ಥೂ. ಅವನ ಮೈಯಲ್ಲಿ ಕಲ್ಲಿನ ಧೂಳಿನ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಒಂದು ಚಹಾ ಮಾತ್ರ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಓಡಿ ಹೋಗಿ ಅವನನ್ನು ಹಿಡಿದದ್ದು ಆ ಸಿಸ್ಟರ್ ಒಬ್ಬಳೇ.

ಡಾಕ್ಟರು ಮೇಲಿನಿಂದ ಇಳಿದು ಬಂದರು. ಎರಡು ನಿಮಿಷ ಆಗಿರಲಿಲ್ಲ, ಎಷ್ಟೋ ಆಗಿತ್ತು. ಭಾವನಿಗೆ ಹೋಳಿಗೆ ಹೆಚ್ಚಾಗಿತ್ತು, ಗ್ಯಾಸ್. ಬಾಗಿಲಲ್ಲಿ ಕಾಲಿಡುತ್ತಲೇ ಅವರ ಕಣ್ಣು ಆ ಮಂಚದ ಮೇಲೆ ಬಿತ್ತು. ಅವನ ಹಣೆ ಮುಟ್ಟಿದರು, ತಣ್ಣಗೆ ಒದ್ದೆ. ಸಿಸ್ಟರ್ ಕಡೆ ತಿರುಗಿ, "ಯಾರಿಗೆ ಹಾಕಿದ್ರಿ?" ಎಂದರು. ಅವಳು ಬೆರಳು ತೋರಿಸಿದಳು. ಡಾಕ್ಟರು ಬೈಯಲಿಲ್ಲ. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಷ್ಟರಲ್ಲಿ ಅವನ ಕಣ್ಣು ಮೇಲಾಗಿ ಮೈ ಸೆಟೆಯಿತು. ಅವರು ನರ ಹುಡುಕಿ ಗ್ಲೂಕೋಸ್ ಏರಿಸಿದರು. ಹತ್ತಿರ ಬಂದ ಯಾರನ್ನೋ ಮೊಣಕೈಯಲ್ಲಿ ತಿವಿದರು, ಯಾರೆಂದು ನೋಡಲೂ ಇಲ್ಲ. ಅವನು ಕಣ್ಣು ಬಿಡುವವರೆಗೆ ಮಂಚ ಬಿಟ್ಟು ಕದಲಲಿಲ್ಲ.

ಅವನು ಬದುಕಿದ. ಅದು ನಮ್ಮ ಪುಣ್ಯ, ನಮ್ಮ ವ್ಯವಸ್ಥೆಯದ್ದಲ್ಲ.

ಮರುದಿನ ಬೆಳಿಗ್ಗೆ ಮೇಲೆ ಆಡಳಿತಾಧಿಕಾರಿಯ ಕೋಣೆಯಲ್ಲಿ ವಿಚಾರಣೆ. ಡಾಕ್ಟರು, ನಾನು, ಆ ಸಿಸ್ಟರ್. ಎ.ಸಿ., ಬಿಸ್ಕತ್ತು, ಟೀ. ಸಿಸ್ಟರ್ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. ಆಡಳಿತಾಧಿಕಾರಿ ಬಹಳ ಮೃದುವಾಗಿ ಮಾತಾಡಿದರು. ರೋಗಿಯ ಹೆಸರು ಕೇಳಿಯೇ ಇಂಜೆಕ್ಷನ್ ಕೊಡಬೇಕೆಂಬ ನಿಯಮ ನಮ್ಮಲ್ಲಿ ಉಂಟು, ಸಿಸ್ಟರ್ ಅದನ್ನು ಮುರಿದಿದ್ದಾರೆ, ಅವರನ್ನು ಇವತ್ತೇ ತೆಗೆಯುವುದು, ನರ್ಸಿಂಗ್ ಕೌನ್ಸಿಲಿಗೆ ತಿಳಿಸುವುದು. ಆ ಮನುಷ್ಯನ ಕಡೆಯವರಿಗೆ, ರಕ್ತ ಹೋಗಿ ಸುಸ್ತಾಗಿತ್ತು, ಗ್ಲೂಕೋಸ್ ಕೊಟ್ಟೆವು ಎಂದರೆ ಸಾಕು. ಪಾಪದ ಜನ, ಹೆಚ್ಚು ಕೇಳುವವರಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನ್ನ ಬಾಯಿಗೆ ಬಂದದ್ದನ್ನು ಟೀ ಜೊತೆ ನುಂಗಿದೆ.

"ಊರಿನ ಹೆಸರು ಹೇಳಿದ್ದು ನಾನು" ಎಂದರು ಡಾಕ್ಟರು. "ತುಂಬಿದ ಸಿರಿಂಜು ಇನ್ನೊಬ್ಬರ ಕೈಗೆ ಕೊಟ್ಟದ್ದು ನಾನು. ಕೊಡುವ ಹಾಗೆ ಮಾಡಿದ್ದು ನೀವು. ಇವರನ್ನು ಕಲಿಸದೆ ಅಲ್ಲಿ ನಿಲ್ಲಿಸಿದ್ದೂ ನೀವೇ. ಮೂರೂ ಬರೀರಿ."

"ಅದೆಲ್ಲ ಯಾಕೆ ಮೇಡಂ? ನಿಮ್ಮ ಹೆಸರಿಗೂ ಒಳ್ಳೇದಲ್ಲ. ನಿಮ್ಮ ರಿನೀವಲ್ ಬೇರೆ ಹತ್ರ ಉಂಟು."

ಅಷ್ಟರಲ್ಲಿ ಆಡಳಿತಾಧಿಕಾರಿಯ ಫೋನ್ ಬಡಿಯಿತು. ಒಂದು ಹೆಂಗಸಿನ ಅನ್ನ ಹೋಗುವ ಮಾತಿನ ನಡುವೆ ಆ ಮನುಷ್ಯ ಫೋನ್ ಎತ್ತಿ, ಸಂಜೆಯ ರಿಸೆಪ್ಷನ್ನಿಗೆ ಎಷ್ಟು ಹೊತ್ತಿಗೆ ಹೊರಡುವುದೆಂದು ಮಾತಾಡಿದರು. ಡಾಕ್ಟರು ಎದ್ದರು. ಕೋಣೆಯಿಂದ ಹೊರಟು ಮೆಟ್ಟಿಲಿಳಿದರು. ನಾನೂ ಸಿಸ್ಟರೂ ಹಿಂದೆ. ಆಡಳಿತಾಧಿಕಾರಿ ಫೋನ್ ಹಿಡಿದುಕೊಂಡೇ, "ಮೇಡಂ, ಮೇಡಂ" ಎನ್ನುತ್ತ ನಮ್ಮ ಹಿಂದೆ.

ಆ ಕೆಲಸಗಾರನನ್ನು ಜನರಲ್ ವಾರ್ಡಿಗೆ ಹಾಕಿದ್ದರು. ಗಂಜಿ ಉಣ್ಣುತ್ತಿದ್ದ. ಡಾಕ್ಟರು ಮಂಚದ ಹತ್ತಿರ ಸ್ಟೂಲ್ ಎಳೆದು ಕೂತರು. ಅವನ ಹೆಸರು ಕೇಳಿದರು, ಅವನು ಹೇಳಿದ. ಹೆಂಡತಿಯ ಹೆಸರೂ ಕೇಳಿದರು. ಆಮೇಲೆ ನಿಧಾನವಾಗಿ, ಬಿಡಿಸಿ ಹೇಳಿದರು, "ನಿನ್ನೆ ನಿಮಗೆ ಸುಸ್ತಾದದ್ದು ಗಾಯದಿಂದ ಅಲ್ಲ. ಬೇರೆಯವರಿಗೆ ಕೊಡಬೇಕಾದ ಸಕ್ಕರೆ ಕಾಯಿಲೆಯ ಮದ್ದನ್ನು ನಿಮಗೆ ಕೊಟ್ಟೆವು. ಅದು ನಮ್ಮ ತಪ್ಪು. ನಿಮ್ಮ ಜೀವ ಹೋಗಬಹುದಿತ್ತು."

ವಾರ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ಮೆಲ್ಲಗೆ ಮಾತಾಡಲಿಕ್ಕೆ ಅವರಿಗೆ ಬರುತ್ತಲೇ ಇರಲಿಲ್ಲ.

ಅವನು ಗಂಜಿಯ ತಟ್ಟೆ ಕೆಳಗಿಟ್ಟ. ಸಿಟ್ಟು ಮಾಡುತ್ತಾನೆ, ಕೂಗಾಡುತ್ತಾನೆ ಎಂದುಕೊಂಡೆ. ಮಾಡಿದ್ದರೆ ನ್ಯಾಯವೇ ಇತ್ತು. ಅವನು ಎರಡೂ ಕೈ ಮುಗಿದ.

"ನಂದ ತಪ್ಪಾತ್ರಿ, ಅಕ್ಕಾರ. ಕಾಪುದವ್ರು ಯಾರಂತ ಕೇಳಿದ್ರಲ್ರಿ, ನನ್ನ ಕರದ್ರಂತ ತಿಳದು ಕೈ ಎತ್ತಿದೆ. ಭಾಳ ವರ್ಷಾತ್ರಿ ಕಾಪುದಾಗ. ಮಗಳು ಹುಟ್ಟಿದ್ದೂ ಅಲ್ಲೇರಿ. ಅಲ್ಲೆ ಇರೋರನ್ನೂ ಕಾಪುದವ್ರು ಅಂತಾರಂತ ತಿಳದಿದ್ದೆ. ನಮಗ ಗೊತ್ತಾಗಲಿಲ್ರಿ."

ನನಗೆ ಎಲ್ಲಾದರೂ ಮುಖ ಮುಚ್ಚಿಕೊಂಡರೆ ಸಾಕೆನಿಸಿತು. ನಾವು ಸಾಯಿಸಲಿಕ್ಕೆ ಹೊರಟ ಮನುಷ್ಯ, ನಿಮ್ಮ ಊರಿನವನೆಂದುಕೊಂಡದ್ದು ತಪ್ಪಾಯಿತು ಎಂದು ನಮ್ಮಲ್ಲೇ ಕ್ಷಮೆ ಕೇಳುತ್ತಿದ್ದ. ಯಾರಿಗೂ ಸಾರಿ ಎಂದು ಹೇಳದ ಡಾಕ್ಟರು ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದರು. "ಕೈ ಎತ್ತಿದ್ದು ಸರಿಯೇ. ನೀವು ಕಾಪುವಿನವರೇ. ಹೆಸರು ಕೇಳದೆ ಊರು ಹೇಳಿದ್ದು ನಾನು. ನನ್ನನ್ನು ಕ್ಷಮಿಸಿ" ಎಂದರು. ನಾನು ಕಿಟಕಿಯ ಕಡೆ ತಿರುಗಿದೆ.

ಅವನ ಹೆಂಡತಿ ಮಾತ್ರ ನಮ್ಮ ಹಿಂದೆ ನಿಂತಿದ್ದ ಸಿಸ್ಟರನ್ನೇ ನೋಡುತ್ತಿದ್ದಳು. "ಆ ಬಾಯಾರು ಯಾಕ ಅಳಾಕತ್ತಾರ್ರೀ? ಅವ್ರನ್ನ ಕೆಲಸದಿಂದ ತಗೀತಾರೇನ್ರಿ? ಬ್ಯಾಡ್ರಿ. ನಾನು ಕೂಗೋ ಹೊತ್ತಿಗೆ ಅವ್ರೊಬ್ಬರ ಓಡಿ ಬಂದಿದ್ದು."

ಡಾಕ್ಟರು ಸ್ಟೂಲಿನಿಂದ ಏಳದೆ ಆಡಳಿತಾಧಿಕಾರಿಯ ಕಡೆ ತಿರುಗಿದರು. "ಕೇಳ್ತಾ ಇದ್ದಾರೆ. ಹೇಳಿ."

"ಹಾಗೆಲ್ಲ ಎಂತ ಇಲ್ಲಮ್ಮ. ಅದು ನಮ್ಮ ಒಳಗಿನ ವಿಷಯ, ಪ್ರೊಸೀಜರ್ ಅಂತ ಒಂದು..."

"ತೆಗೀತೀರಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ. ಇವರು ಕೆಲಸ ಬಿಟ್ಟು ಬಂದವರು."

ಇಡೀ ವಾರ್ಡ್ ಆ ಮನುಷ್ಯನ ಬಾಯಿ ನೋಡುತ್ತಿತ್ತು. "ಇಲ್ಲ. ತೆಗೆಯುವುದಿಲ್ಲ" ಎಂದರು.

ಅವರು ಮಾತು ಉಳಿಸಿಕೊಂಡರು. ತೆಗೆದದ್ದು ಡಾಕ್ಟರನ್ನು. ಸಿಸ್ಟರನ್ನು ಎಲ್ಲಿಂದಲೂ ತೆಗೆಯಲಿಲ್ಲ. ಈಗ ಅವಳ ಹೆಸರು ಕಣ್ಣಿನ ವಾರ್ಡಿನ ಡ್ಯೂಟಿಯಲ್ಲೂ ಉಂಟು, ಕ್ಯಾಶುವಾಲ್ಟಿಯ ಡ್ಯೂಟಿಯಲ್ಲೂ ಉಂಟು, ಎರಡೂ ಒಂದೇ ಹೊತ್ತಿಗೆ. ಕೇಳಿದರೆ, ನೀವೇ ಅಲ್ವಾ ಅವರನ್ನು ಇಟ್ಟುಕೊಳ್ಳಿ ಎಂದದ್ದು ಎನ್ನುತ್ತಾರೆ.

ಡಾಕ್ಟರು ಈಗ ಕಾರ್ಕಳದಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟಿದ್ದಾರೆ. ರೋಗಿಗಳು ಒಬ್ಬರ ನಂತರ ಒಬ್ಬರು ಒಳಗೆ ಬರುತ್ತಾರಂತೆ, ಹೇಳಿ ಮುಗಿಸಿ ಹೋಗುತ್ತಾರಂತೆ. ಅವರಿಗೆ ಒಳ್ಳೆಯದಾಯಿತು. ಆದರೆ ಟೆಂಪೋ ಮಗುಚಿದವರು ಒಬ್ಬರ ನಂತರ ಒಬ್ಬರು ಬರುವುದಿಲ್ಲ, ಅವರು ಬರುವುದು ನಮ್ಮ ಬಾಗಿಲಿಗೆ. ಅದನ್ನು ನೆನೆದರೆ ಕೆಲವೊಮ್ಮೆ ಅವರ ಮೇಲೂ ನನಗೆ ಸಿಟ್ಟು ಬರುತ್ತದೆ.

ನಿನ್ನೆ ಅವರಿಗೆ ಫೋನ್ ಮಾಡಿದೆ, ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಮಧ್ಯಾಹ್ನ ಫಿಟ್ಸ್ ಬಂದ ಮಗುವೊಂದನ್ನು ತಂದಿದ್ದರು. ನಾನು ಪಕ್ಕದ ಮಂಚದಲ್ಲಿ ಒಬ್ಬರ ಎದೆ ಒತ್ತುತ್ತಿದ್ದೆ. ಸಿಸ್ಟರ್ ಮಗುವಿಗೆ ಮದ್ದು ತುಂಬುತ್ತಿದ್ದಾಗ ಕಣ್ಣಿನ ವಾರ್ಡಿನಿಂದ ಕರೆ ಬಂತು. ಆಪರೇಷನ್ ಆದವರೆಲ್ಲ ಡ್ರಾಪ್ಸಿಗೆ ಕಾಯುತ್ತಿದ್ದಾರೆ, ಈಗಲೇ ಬರಬೇಕು ಎಂದರು. ಅವಳು ಹೋದಳು. ಹೋಗದೆ ಎಂತ ಮಾಡುತ್ತಾಳೆ? ಮಗುವಿಗೆ ಏನೂ ಆಗಲಿಲ್ಲ. ಈ ಸಲ ಆಗಲಿಲ್ಲ.

ಅವರು ಪೂರ್ತಿ ಕೇಳಿದರು. ಆಮೇಲೆ, "ಸಿರಿಂಜು ಯಾರ ಕೈಗೆ ಕೊಟ್ಟು ಹೋದಳು?" ಎಂದರು.

"ಹೆರಿಗೆ ವಾರ್ಡಿನಿಂದ ಇವತ್ತು ಕಳಿಸಿದ ಸಿಸ್ಟರಿಗೆ, ಮೇಡಂ."

ಅವರು ಬೈಯುತ್ತಾರೆಂದು ಕಾದೆ. "ಅವಳು ಮಗುವಿನ ಹೆಸರು ಕೇಳಿದಳಾ?" ಎಂದರು.